ಇಬ್ಬರೇ ಉಳಿದ ಹೆಸರು

ಅಣ್ಣ ಲುಬ್ಬರ್ಟ್‌ನನ್ನು ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಕೂತಿದ್ದ ಹಾರ್ಮಜ್ಜ ವಾರದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಹೇಳಿಬಿಟ್ಟ. ಮೊಮ್ಮಗಳು ಫೆನ್ನಾಳ ಹೆಸರಿಗೆ ತನ್ನ ಮನೆತನದ ಹೆಸರನ್ನೂ ಸೇರಿಸಬೇಕು. ಮುಂದಾದರೂ ಸರಿ, ಹಿಂದಾದರೂ ಸರಿ.

ಸರ್ಕಾರ ಆ ವರ್ಷ ಅಂಥದೊಂದು ಅವಕಾಶ ಕೊಟ್ಟಿತ್ತು. 2016ರಿಂದೀಚೆಗೆ ಹುಟ್ಟಿದ ಮಕ್ಕಳ ಹೆಸರಿನಲ್ಲಿ ಅಪ್ಪನ ಮನೆತನದ ಜೊತೆಗೆ ಅಮ್ಮನದನ್ನೂ ಬರೆಸಬಹುದು. ಅಪ್ಪ ಅಮ್ಮ ಇಬ್ಬರೂ ಒಪ್ಪಿ ಡಿಸೆಂಬರ್ ಮುಗಿಯುವುದರೊಳಗೆ ಪುರಸಭೆಗೆ ಹೋಗಿ ಹೇಳಬೇಕು. ಫೆನ್ನಾ ಹುಟ್ಟಿದ್ದು ಅದೇ 2016ರ ಫೆಬ್ರವರಿಯಲ್ಲಿ. ಎರಡು ತಿಂಗಳು ಮೊದಲೇ ಹುಟ್ಟಿದ್ದರೆ ಈ ಮಾತೇ ಬರುತ್ತಿರಲಿಲ್ಲ.

ಅಳಿಯ ಡೌವೆ ಬಸ್ ಓಡಿಸುವವನು, ಆವತ್ತು ಮಧ್ಯಾಹ್ನದ ಪಾಳಿ. ತನಗೇನೂ ಅಡ್ಡಿಯಿಲ್ಲ ಅಂದ. ಅವನ ಮನೆತನ ಡೆ ಯೋಂಗ್; ಆ ಹೆಸರಿನವರು ದೇಶದಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು. ಅವನ ಡಿಪೋ ಒಂದರಲ್ಲೇ ನಾಲ್ಕು ಜನ ಇದ್ದರು, ಒಬ್ಬನ ರಜೆ ಅರ್ಜಿ ಇನ್ನೊಬ್ಬನ ಹೆಸರಿಗೆ ಮಂಜೂರಾಗಿ ಬರುತ್ತಿತ್ತು.

ಮಗಳು ರೂಲಿನಾ ಆಲೂಗಡ್ಡೆ ತೊಳೆಯುತ್ತಿದ್ದವಳು ತಿರುಗಲಿಲ್ಲ.

“ಬೇಡ,” ಅಂದಳು.

“ಯೋಚನೆ ಮಾಡಿ ಹೇಳು. ಇನ್ನೂ ಎರಡು ತಿಂಗಳಿದೆ,” ಅಂದ ಹಾರ್ಮಜ್ಜ.

“ಯೋಚನೆ ಮಾಡಿಯೇ ಹೇಳಿದ್ದು ಅಪ್ಪ.”

ಅವಳು ಮೆಪ್ಪಲ್ ಊರಿನಲ್ಲಿ ವಯಸ್ಸಾದವರ ಮನೆಮನೆಗೆ ಹೋಗಿ ಸ್ನಾನ ಮಾಡಿಸುವ, ಔಷಧ ಕೊಡುವ ಕೆಲಸದಲ್ಲಿದ್ದಳು. ಒಂಬತ್ತಕ್ಕೆ ಮೊದಲನೆಯ ಮನೆ. ಕೋಟು ಹಾಕಿಕೊಂಡು ಸೈಕಲ್ ಹತ್ತಿ ಹೊರಟೇಹೋದಳು.

ಹಾರ್ಮಜ್ಜನಿಗೆ ಎಪ್ಪತ್ತೊಂಬತ್ತು. ನಲವತ್ತು ವರ್ಷ ಇದೇ ಊರಿನ ಕಾಲುವೆಯ ಸೇತುವೆ ಕಾಯುವ ಕೆಲಸ ಮಾಡಿದವನು. ದೋಣಿ ಬಂದಾಗ ಸೇತುವೆ ಎತ್ತುವುದು, ಹೋದಮೇಲೆ ಇಳಿಸುವುದು. ಈಗ ಆ ಸೇತುವೆಯನ್ನು ಎಲ್ಲೋ ದೂರದ ಕೋಣೆಯಲ್ಲಿ ಕೂತವರು ಕ್ಯಾಮೆರಾ ನೋಡಿಕೊಂಡು ಎತ್ತುತ್ತಾರೆ. ಹೆಂಡತಿ ಗೇಸ್ ತೀರಿಕೊಂಡು ಎರಡು ವರ್ಷ. ಹೋದ ಚಳಿಗಾಲದಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಮಗಳೇ ಕರೆತಂದು ಕೆಳಗಿನ ಕೋಣೆಯಲ್ಲಿ ಇರಿಸಿಕೊಂಡಿದ್ದಳು.

ಅವನ ಕಾಲಿನಲ್ಲಿ ನೀರು ತುಂಬುತ್ತಿತ್ತು. ಹಾಗಾಗಿ ಬಿಗಿಯಾದ ವೈದ್ಯಕೀಯ ಕಾಲುಚೀಲ ಹಾಕಬೇಕು. ಅದನ್ನು ತಾನೇ ಎಳೆದುಕೊಳ್ಳಲು ಅವನಿಂದ ಆಗದು. ದಿನಾ ಬೆಳಿಗ್ಗೆ ಏಳಕ್ಕೆ ರೂಲಿನಾ ನೆಲದ ಮೇಲೆ ಮಂಡಿಯೂರಿ ಅವನ್ನು ಹಾಕುತ್ತಿದ್ದಳು. ಹೊರಗೆ ಒಂಬತ್ತು ಮನೆಯಲ್ಲಿ ಮಾಡುವ ಕೆಲಸ, ಒಳಗೂ ಒಂದು. ಆ ಹತ್ತು ನಿಮಿಷ ಇಬ್ಬರೂ ಹವಾಮಾನದ ಮಾತಾಡುತ್ತಿದ್ದರು. ಹೆಸರಿನ ಮಾತು ಬಂದ ಮೇಲೆ ಅದೂ ನಿಂತಿತು.

ಹಾರ್ಮಜ್ಜನ ಮನೆತನದ ತುರ್ಫ್‌ಮಂಡ್ ಎನ್ನುವ ಹೆಸರು ಅಪರೂಪದ್ದು. ತುರ್ಫ್ ಎಂದರೆ ಜೌಗುನೆಲದಿಂದ ಕಡಿದು ಒಣಗಿಸಿ ಹಿಂದಿನವರು ಒಲೆಗೆ ಹಾಕುತ್ತಿದ್ದ ಮಣ್ಣಿನ ಹೆಂಟೆ. ಮಂಡ್ ಎಂದರೆ ಬುಟ್ಟಿ. ಹಾರ್ಮಜ್ಜನ ಅಪ್ಪ ಹೇಳುತ್ತಿದ್ದ ಪ್ರಕಾರ, ನೆಪೋಲಿಯನ್ ಕಾಲದಲ್ಲಿ ಎಲ್ಲರೂ ಮನೆತನದ ಹೆಸರು ಬರೆಸಲೇಬೇಕು ಎಂದಾದಾಗ, ಎರಡು ಸ್ವಂತ ದೋಣಿಯಿದ್ದ ಅವರ ಹಿರಿಯ, ತುರ್ಫ್ ವ್ಯಾಪಾರಿ, ತನ್ನ ಅಂಗಡಿಯ ಬುಟ್ಟಿಯನ್ನೇ ಹೆಸರಾಗಿ ಬರೆಸಿದ. ಎರಡು ದೋಣಿಯ ಆ ಹಿರಿಯನನ್ನು ನೆನೆಸಿಕೊಂಡು ಹಾರ್ಮಜ್ಜ ಜೀವನವಿಡೀ ಸ್ವಲ್ಪ ನೆಟ್ಟಗೆ ನಡೆದಿದ್ದ. ಆದರೆ ವಂಶ ಬೆಳೆಯಲಿಲ್ಲ. ಹೆಣ್ಣುಮಕ್ಕಳು ಮದುವೆಯಾಗಿ ಹೋದರು, ಗಂಡುಮಕ್ಕಳು ಕೆಲವರು ಯುದ್ಧದಲ್ಲಿ, ಕೆಲವರು ಸಮುದ್ರದಲ್ಲಿ ಹೋದರು. ಲುಬ್ಬರ್ಟ್‌ಗೆ ಮಕ್ಕಳಾಗಲಿಲ್ಲ. ಹಾರ್ಮಜ್ಜನಿಗೆ ರೂಲಿನಾ ಒಬ್ಬಳೇ.

ಒಂದು ಭಾನುವಾರ ಫೆನ್ನಾ ತನ್ನ ಟ್ಯಾಬ್ಲೆಟ್ಟಿನಲ್ಲಿ ದೇಶದ ಮನೆತನಗಳ ಪಟ್ಟಿ ತೆಗೆದು ಅಜ್ಜನಿಗೆ ತೋರಿಸಿದಳು. ತುರ್ಫ್‌ಮಂಡ್ ಎದುರಿಗೆ ‘ಐದಕ್ಕಿಂತ ಕಡಿಮೆ’ ಎಂದಿತ್ತು.

“ಅಜ್ಜ, ಐದಕ್ಕಿಂತ ಕಡಿಮೆ ಅಂದ್ರೆ ಎಷ್ಟು?”

“ಮೊನ್ನೆವರೆಗೂ ಮೂರು. ಈಗ ಎರಡು. ನಾನು, ನಿಮ್ಮಮ್ಮ.”

“ಅಮ್ಮ ಡೆ ಯೋಂಗ್ ಅಲ್ವಾ?”

“ಅದು ಬಾಗಿಲ ಮೇಲಿನ ಫಲಕದಲ್ಲಿ. ಪಾಸ್‌ಪೋರ್ಟ್ ತೆಗೆದು ನೋಡು.”

ಫೆನ್ನಾ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. “ನಮ್ಮ ಡ್ರೆಂಥೆ ಪ್ರಾಂತ್ಯದಲ್ಲಿ ತೋಳಗಳೇ ಅದಕ್ಕಿಂತ ಜಾಸ್ತಿ ಇವೆ ಅಜ್ಜ,” ಅಂದಳು. ಡೌವೆ ನಕ್ಕ. ಹಾರ್ಮಜ್ಜನೂ ನಕ್ಕ. ಬಟ್ಟೆ ಮಡಿಸುತ್ತಿದ್ದ ರೂಲಿನಾ ಬುಟ್ಟಿಯನ್ನೆತ್ತಿಕೊಂಡು ಮಹಡಿ ಹತ್ತಿದಳು.

ನವೆಂಬರ್ ಮೊದಲ ವಾರ ಜಗಳ ಊಟದ ಮೇಜಿಗೇ ಬಂತು. ಕೇಲ್ ಸೊಪ್ಪು ಹಾಕಿ ಕಿವುಚಿದ ಆಲೂಗಡ್ಡೆ, ಅದರ ಮೇಲೆ ಹೊಗೆಗಟ್ಟಿಸಿದ ಸಾಸೇಜು. ಹಾರ್ಮಜ್ಜ ಮತ್ತೆ ಅದೇ ಮಾತೆತ್ತಿದ. ಒಂದು ಸಹಿಯ ಕೆಲಸ, ಯಾರ ಗಂಟೂ ಹೋಗುವುದಿಲ್ಲ, ಎರಡು ನೂರು ವರ್ಷದ ಹೆಸರು ತನ್ನ ಕೈಯಲ್ಲಿ ಮುಗಿದುಹೋಗುತ್ತದೆ ಅಂದ. ರೂಲಿನಾ ಶಾಲೆಯಲ್ಲಿ ತನ್ನನ್ನು ಹುಡುಗರು ಬುಟ್ಟಿ, ಬುಟ್ಟಿ ಎಂದು ಕರೆದದ್ದು, ತನ್ನ ಚೀಲದೊಳಗೆ ಮಣ್ಣು ತುಂಬಿದ್ದು ಹೇಳಿದಳು. ಅದು ಹುಡುಗಾಟ ಅಂದ ಹಾರ್ಮಜ್ಜ. ಅಷ್ಟಕ್ಕೆ ಯಾರಾದರೂ ಹೆಸರು ಬಿಡುತ್ತಾರೆಯೇ ಅಂದ.

“ಅಷ್ಟಕ್ಕೇ ಅಲ್ಲ ಅಂತ ನಿನಗೆ ಗೊತ್ತಿದೆ,” ಅಂದಳು ರೂಲಿನಾ.

ಡೌವೆ ಮೇಜಿನ ಕೆಳಗೆ ಅವಳ ಕೈ ಹಿಡಿದ. ಹಾರ್ಮಜ್ಜ ಚಾಕು ಮುಳ್ಳುಚಮಚಗಳನ್ನು ತಟ್ಟೆಯ ಮೇಲೆ ಜೋಡಿಸಿಟ್ಟು, ಅರ್ಧ ಸಾಸೇಜನ್ನು ಹಾಗೇ ಬಿಟ್ಟು, ವಾಕರ್ ತಳ್ಳಿಕೊಂಡು ತನ್ನ ಕೋಣೆಗೆ ಹೋದ. ಆಮೇಲೆ ಊಟವನ್ನು ಅಲ್ಲಿಗೇ ತರಿಸಿಕೊಳ್ಳತೊಡಗಿದ. ಕಿಟಕಿಯ ಕಡೆ ಮುಖ ಮಾಡಿ ಒಬ್ಬನೇ ತಿನ್ನುತ್ತಿದ್ದ. ಫೆನ್ನಾ ತಟ್ಟೆ ವಾಪಸು ತರಲು ಹೋದಾಗ ಪ್ರತಿಸಲವೂ, ನಿಮ್ಮಮ್ಮ ಏನಾದರೂ ಅಂದಳಾ ಎಂದು ಕೇಳುತ್ತಿದ್ದ. ಏನೂ ಅಂದಿರುತ್ತಿರಲಿಲ್ಲ.

ಅಷ್ಟರಲ್ಲಿ ಫೆನ್ನಾಳ ಶಾಲೆಯಲ್ಲಿ ವಂಶದ ಮರ ಬರೆದು ತರಲು ಹೇಳಿದರು. ಡೆ ಯೋಂಗ್ ಕಡೆಯದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಾರ್ಮಜ್ಜನಿಗೆ ಹಬ್ಬವಾಯಿತು. ಎರಡು ದೋಣಿಯ ಹಿರಿಯನನ್ನು ಕಾಗದದಲ್ಲೇ ತೋರಿಸುತ್ತೇನೆ, ನೋಡಿದ ಮೇಲೆ ಮಗಳ ಮನಸ್ಸೂ ತಿರುಗಬಹುದು ಎಂದು, ಒಂದು ಬುಧವಾರ ಶಾಲೆ ಅರ್ಧ ದಿನಕ್ಕೆ ಬಿಟ್ಟಾಗ ಮೊಮ್ಮಗಳನ್ನು ಕರೆದುಕೊಂಡು ರೈಲು ಹತ್ತಿ ಅಸೆನ್ ಊರಿನ ದಾಖಲೆ ಕಚೇರಿಗೆ ಹೋದ. ಸೊಂಟ ಮುರಿದ ಮೇಲೆ ಅವನು ಊರು ಬಿಟ್ಟು ಹೊರಟದ್ದು ಅದೇ ಮೊದಲು. ಒಳ್ಳೆಯ ಕೋಟು ಹಾಕಿಕೊಂಡಿದ್ದ.

ಅಲ್ಲಿಯ ಹೆಂಗಸು ಸಮಾಧಾನಿ. ಹಾರ್ಮಜ್ಜನ ಅಪ್ಪ, ಅವನ ಅಪ್ಪ, ಅವನ ಅಪ್ಪ ಎಂದು ಒಂದೊಂದೇ ದಾಖಲೆ ಪರದೆಯ ಮೇಲೆ ತೆಗೆಯುತ್ತಾ ಹೋದಳು. ಫೆನ್ನಾ ಬಣ್ಣದ ಪೆನ್ಸಿಲಿನಲ್ಲಿ ಬರೆದುಕೊಂಡಳು. ಐದನೆಯವನಿಗೆ ಬಂದಾಗ ಆ ಹೆಂಗಸು ಪರದೆಯನ್ನು ಒಮ್ಮೆ ನೋಡಿ, ಹಾರ್ಮಜ್ಜನ ಮುಖ ನೋಡಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಹಳೆಯ ಕೈಬರಹ ಅವನಿಗೆ ಓದಲಾಗದು. ಅವಳೇ ಬೆರಳಿಟ್ಟು ಓದಿದಳು.

1817ರ ಮಾರ್ಚ್. ಬ್ರೆಡ್ಡು ಕೈಗೆಟುಕದಷ್ಟು ದುಬಾರಿಯಾಗಿದ್ದ ಚಳಿಗಾಲ. ಮೆಪ್ಪಲ್‌ನ ತುರ್ಫ್ ಕಟ್ಟೆಯಲ್ಲಿ, ಬೆಳಗಿನ ಆರು ಗಂಟೆಗೆ, ದೋಣಿಯವನೊಬ್ಬನ ಹೆಂಡತಿಗೆ ಖಾಲಿ ಬುಟ್ಟಿಯಲ್ಲಿ ಒಂದು ಗಂಡುಮಗು ಸಿಕ್ಕಿದೆ. ಹುಟ್ಟಿ ಮೂರು ನಾಲ್ಕು ದಿನ ಆಗಿರಬಹುದು. ಮೈಗೆ ಹೆಂಗಸರ ಹರಕು ನೀಲಿ ಏಪ್ರನ್ ಸುತ್ತಿದೆ. ಚೀಟಿ ಇಲ್ಲ. ಸುತ್ತಮುತ್ತ ವಿಚಾರಿಸಿದರೂ ಯಾರೂ ತಮ್ಮದೆಂದು ಬಂದಿಲ್ಲ. ಆದ್ದರಿಂದ ಈ ಮಗುವಿಗೆ ಬೆರೆಂಡ್ ಎಂಬ ಹೆಸರನ್ನೂ, ತುರ್ಫ್‌ಮಂಡ್ ಎಂಬ ಮನೆತನದ ಹೆಸರನ್ನೂ ನಾವು ಕೊಟ್ಟಿರುತ್ತೇವೆ. ಕೆಳಗೆ ಗುಮಾಸ್ತನ ಸಹಿ.

“ಅದಕ್ಕೂ ಹಿಂದಿನವರು?” ಎಂದು ಕೇಳಿದ ಹಾರ್ಮಜ್ಜ.

“ಇವನ ಹಿಂದೆ ಯಾರೂ ಇಲ್ಲ ಸರ್. ಹೆಸರು ಇವನಿಂದಲೇ ಶುರು.”

ವಾಪಸು ಬರುವಾಗ ರೈಲಿನಲ್ಲಿ ಅವನು ಕೋಟಿನ ಗುಂಡಿಯನ್ನೂ ಬಿಚ್ಚದೆ ಕೂತಿದ್ದ. ಫೆನ್ನಾ ಮಾತ್ರ ಬೆರೆಂಡನಿಗೆ ಹಾಲು ಕೊಟ್ಟವರು ಯಾರು, ಚಳಿಯಾಗಿರಲಿಲ್ಲವಾ, ಆ ನೀಲಿ ಏಪ್ರನ್ ಅವನು ದೊಡ್ಡವನಾದ ಮೇಲೂ ಇಟ್ಟುಕೊಂಡಿದ್ದನಾ ಎಂದು ಕೇಳುತ್ತಲೇ ಇದ್ದಳು.

ಸಂಜೆ ಬಟಾಣಿ ಸೂಪು. ಹಾರ್ಮಜ್ಜ ವಾರಗಳ ಮೇಲೆ ಮೇಜಿಗೆ ಬಂದು ಕೂತ. ಫೆನ್ನಾ ಕೈ ಹಿಡಿದು ಎಳೆದು ತಂದಿದ್ದಳು. ತಾನು ಬರೆದ ಮರವನ್ನು ಬಿಡಿಸಿ ತೋರಿಸುತ್ತಾ ಬುಟ್ಟಿಯ ಕಥೆಯನ್ನೆಲ್ಲ ಅವಳೇ ಹೇಳಿದಳು.

“ಅವರಮ್ಮ ಬಿಟ್ಟುಹೋದ್ಲು. ಆದ್ರೂ ಆಫೀಸಿನವರು ನಿನಗೆ ಹೆಸರಿಲ್ಲ ಹೋಗು ಅನ್ಲಿಲ್ಲ ಅಮ್ಮ. ಒಂದು ಹೊಸ ಹೆಸರೇ ಮಾಡಿ ಕೊಟ್ರು.”

ರೂಲಿನಾ ಚಮಚ ಕೆಳಗಿಟ್ಟಳು. ಡೌವೆ ಹೆಂಡತಿಯ ಮುಖ ನೋಡಿದವನು ಎದ್ದು, ಫೆನ್ನಾಳ ಸೈಕಲ್ಲಿನ ದೀಪ ಹತ್ತುತ್ತಿಲ್ಲ, ಬಾ ನೋಡೋಣ ಎಂದು ಅವಳನ್ನು ಹಿತ್ತಿಲ ಶೆಡ್ಡಿಗೆ ಕರೆದೊಯ್ದ. ಬಾಗಿಲು ಮುಚ್ಚಿತು.

“ನನ್ನ ಮಗೂಗೂ ಹನ್ನೊಂದು ವಾರ ಅದೇ ಹೆಸರಿತ್ತು ಅಪ್ಪ,” ಅಂದಳು ರೂಲಿನಾ.

“ಗೊತ್ತು.”

“ಗೊತ್ತಿದ್ದೂ ಕೇಳಿದೆ.”

“ಹೌದು. ಕೇಳಿದೆ.”

1997ರಲ್ಲಿ ಅವಳಿಗೆ ಹದಿನೆಂಟು. ಹುಡುಗ ಯಾರೆಂದು ಹೇಳಲಿಲ್ಲ. ಹಾರ್ಮಜ್ಜ ಆಗ ಚರ್ಚಿನ ಹಿರಿಯರ ಸಮಿತಿಯಲ್ಲಿದ್ದ. ಹೊಟ್ಟೆ ಕಾಣುವ ಮುಂಚೆ ಅವಳನ್ನು ಜುಟ್‌ಫೆನ್‌ನ ಚಿಕ್ಕಮ್ಮನ ಮನೆಗೆ ಕಳಿಸಿದರು. ಹೆರಿಗೆಯ ಹೊತ್ತಿಗೆ ತಾಯಿ ಗೇಸ್ ಒಬ್ಬಳೇ ಬಂದಳು, ಅಪ್ಪನ ಮಾತನ್ನು ತಂದಳು. ಮಗುವನ್ನು ಮೊದಲು ಬೇರೆಯವರ ಮನೆಯಲ್ಲಿಟ್ಟರು. ಮನಸ್ಸು ಬದಲಾಯಿಸಲು ಅವಳಿಗೆ ಮೂರು ತಿಂಗಳು ಕಾಲ ಇತ್ತು. ಹನ್ನೊಂದನೆಯ ವಾರ ಅವಳು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದಳು. ಸಾಕಲು ಒಯ್ದವರ ಹೆಸರು ಮಗುವಿಗಾಯಿತು. ಅದೇನೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.

“ಅವತ್ತು ನೀನೇನಂದೆ, ಹೇಳು,” ಅಂದಳು ರೂಲಿನಾ.

“ರೂಲಿ, ಈಗ ಅದು—”

“ಅಮ್ಮನ ಕೈಲಿ ಹೇಳಿಕಳಿಸಿದ್ದೆ. ನಿನ್ನ ಬಾಯಿಂದ ನಾನು ಒಂದ್ಸಲಾನೂ ಕೇಳಿಲ್ಲ. ಹೇಳು.”

ಸೂಪು ಆರಿ ಕೆನೆಗಟ್ಟುತ್ತಿತ್ತು. ಹಾರ್ಮಜ್ಜ ಅದನ್ನೇ ನೋಡುತ್ತಾ ಹೇಳಿದ:

“ಆ ಮಗು ನನ್ನ ಹೆಸರಿಟ್ಕೊಂಡು ಈ ಊರಲ್ಲಿ ಓಡಾಡಬಾರದು, ಅಂದೆ.”

“ಹಾಗೇ ಆಯ್ತು ಬಿಡು. ಓಡಾಡ್ಲಿಲ್ಲ.”

“ಜನ ಏನಂತಾರೋ ಅಂತ—”

“ಯಾವ ಜನ ಅಪ್ಪ? ಒಬ್ಬರ ಹೆಸರು ಹೇಳು. ಈಗ ಯಾರಿದ್ದಾರೆ?”

ಅವನು ನಿಜವಾಗಿಯೂ ಯೋಚಿಸಿದ. ಸಮಿತಿಯಲ್ಲಿ ಇದ್ದವರೆಲ್ಲ ಹೋಗಿದ್ದರು. ಆ ಚರ್ಚನ್ನೇ ಮಾರಿ ಅದರಲ್ಲಿ ಪೀಠೋಪಕರಣದ ಅಂಗಡಿ ಇಟ್ಟು ಒಂಬತ್ತು ವರ್ಷವಾಗಿತ್ತು.

“ಯಾವನೋ ಗುಮಾಸ್ತ ಯಾರದೋ ಮಗೂಗೆ ಹೆಸರು ಕೊಟ್ಟ,” ಅಂದಳು ರೂಲಿನಾ. “ನೀನು ಇದ್ದಿದ್ದನ್ನ ಕಿತ್ಕೊಂಡೆ. ಈಗ ಫೆನ್ನಾಗೆ ಹಾಕು ಅಂತೀಯಾ. ನನ್ನ ಕೈಲಿ ಆಗಲ್ಲ.”

ಅವಳು ಅಳಲಿಲ್ಲ. ತಟ್ಟೆಗಳನ್ನು ಎತ್ತಿ, ಸೂಪನ್ನು ವಾಪಸು ಪಾತ್ರೆಗೆ ಸುರಿದು, ಮೇಜು ಒರೆಸಿದಳು. ಹಾರ್ಮಜ್ಜನ ಕೈಗಳು ಮೇಜಿನ ಮೇಲಿದ್ದವು. ಬಟ್ಟೆಯನ್ನು ಅವುಗಳ ಸುತ್ತ ಆಡಿಸಿ ಒರೆಸಿದಳು.

ಅಲ್ಲಿಂದ ಮುಂದೆ ಹಾರ್ಮಜ್ಜ ಹೆಸರಿನ ಮಾತೆತ್ತಲಿಲ್ಲ. ಡಿಸೆಂಬರ್ ಬಂತು. ಸಿಂಟರ್‌ಕ್ಲಾಸ್ ಹಬ್ಬದ ದಿನ ಫೆನ್ನಾಳ ಉಡುಗೊರೆ ನೋಡಲು ಹೊರಗೆ ಬಂದು ಅರ್ಧ ಗಂಟೆ ಕೂತು, ಚೆನ್ನಾಗಿದೆ ಪುಟ್ಟಿ ಅಂದು ಎದ್ದುಹೋದ. ಡೌವೆ ಎರಡು ಸಲ ಅವನ ಕೋಣೆಗೆ ಹೋಗಿ ಫುಟ್‌ಬಾಲ್ ನೋಡೋಣ ಬನ್ನಿ ಮಾವ ಅಂದ. ಬೇಡಪ್ಪ, ನೀನು ನೋಡು ಅಂದ ಹಾರ್ಮಜ್ಜ. ದಿನವಿಡೀ ಕಿಟಕಿಯ ಹತ್ತಿರ ಇರುತ್ತಿದ್ದ. ಅಲ್ಲಿಂದ ಕಾಣುತ್ತಿದ್ದದ್ದು ಎದುರು ಮನೆಯ ಬೇಲಿ, ಕಸದ ಡಬ್ಬಿಗಳು.

ರೂಲಿನಾಗೂ ಮನೆ ಮನೆಯಾಗಿ ಉಳಿಯಲಿಲ್ಲ. ಕೆಲಸ ಮುಗಿದ ಮೇಲೆ ತಕ್ಷಣ ಬರುತ್ತಿರಲಿಲ್ಲ. ಕಾಲುವೆಯ ದಂಡೆಯ ಬೆಂಚಿಗೆ ಸೈಕಲ್ ಒರಗಿಸಿ ಚಳಿಯಲ್ಲಿ ಕೂತಿರುತ್ತಿದ್ದಳು. ಡೌವೆ ತನ್ನ ಬಸ್ಸಿನಿಂದ ಒಂದು ದಿನ ಅವಳನ್ನು ಅಲ್ಲಿ ಕಂಡ. ಬಸ್ಸು ತುಂಬ ಜನ, ನಿಲ್ಲಿಸುವಂತಿರಲಿಲ್ಲ. ಮನೆಗೆ ಬಂದು ಕೇಳಿದಾಗ, ಆ ಮಗನಿಗೆ ಹದಿನೆಂಟು ತುಂಬಿದ ವರ್ಷ ಅವನಿಗೊಂದು ಕಾಗದ ಬರೆದು ದತ್ತುಕಡತದಲ್ಲಿ ಇಡಲು ಕಳಿಸಿದ್ದೆ, ಉತ್ತರ ಬರಲಿಲ್ಲ, ಈಗ ಅವನಿಗೆ ಇಪ್ಪತ್ತೇಳು ಅಂದಳು. ಮದುವೆಯಾಗಿ ಹದಿನೈದು ವರ್ಷಕ್ಕೆ ಡೌವೆಗೆ ಆ ಕಾಗದದ ವಿಷಯ ತಿಳಿದದ್ದು ಆಗಲೇ.

ಕ್ರಿಸ್‌ಮಸ್ಸಿಗೆ ಮೂರು ದಿನ ಇರುವಾಗ, ಬೆಳಿಗ್ಗೆ ಏಳಕ್ಕೆ, ಅವಳು ಎಂದಿನಂತೆ ಅಪ್ಪನ ಎದುರು ಮಂಡಿಯೂರಿ ಎಡಗಾಲಿನ ಚೀಲ ಎಳೆಯುತ್ತಿದ್ದಳು.

“ಒಂದು ಕಾಗದ ಬರೀಬೇಕು ಅಂತಿದ್ದೀನಿ. ಅವನಿಗೆ,” ಅಂದ ಹಾರ್ಮಜ್ಜ. “ನೀನು ಬೇಡ ಅಂದ್ರೆ ಬರೆಯಲ್ಲ.”

ರೂಲಿನಾ ಹಿಮ್ಮಡಿಯ ಹತ್ತಿರ ಚೀಲ ಸರಿಪಡಿಸಿದಳು.

“ನಾಕು ದಿನದಿಂದ ಪೆನ್ನು ಹಿಡಿದು ಕೂತಿದ್ದೀನಿ. ಮೇಲೆ ಏನಂತ ಬರೀಲಿ? ಯಾರಿಗೆ ಅಂತ?” ಅಂದ. “ಅವನಿಗೆ ಏನು ಹೆಸರಿಟ್ಟಿದ್ದೆ ಅಂತ ನಾನು ಕೇಳಲೇ ಇಲ್ಲ.”

ಇಪ್ಪತ್ತೇಳು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಗೇಸ್ ಕೂಡ ಮಗು ಎಂದೇ ಅಂದು, ಆಮೇಲೆ ಅದನ್ನೂ ಅನ್ನುವುದು ಬಿಟ್ಟಿದ್ದಳು.

ರೂಲಿನಾ ಚೀಲವನ್ನು ಮೊಣಕಾಲಿನವರೆಗೆ ಎಳೆದು, ಸುಕ್ಕು ತೆಗೆದು, ಅಂಗೈಯಲ್ಲಿ ಸವರಿದಳು.

“ಹಾರ್ಮ್,” ಅಂದಳು.

“ಏನು?” ಅಂದ ಅವನು. ಮಗಳು ತನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಸಿಟ್ಟಿಗೆ ಕರೆದಳೇನೋ ಅಂದುಕೊಂಡ.

“ನಿನ್ನ ಕರೀಲಿಲ್ಲ ಅಪ್ಪ. ಅವನ ಹೆಸರು ಹೇಳಿದೆ. ಮೊದಲನೇ ಗಂಡುಮಗೂಗೆ ಅಜ್ಜನ ಹೆಸರು ತಾನೇ ಇಡೋದು. ಇಟ್ಟರೆ ನೀನು ಬಂದು ನೋಡ್ತೀಯ ಅಂದ್ಕೊಂಡೆ.”

ಅವಳು ಬಲಗಾಲಿನ ಚೀಲ ತೆಗೆದುಕೊಂಡಳು. ಅದನ್ನು ಹಾಕಿ ಮುಗಿಯುವವರೆಗೂ ಹಾರ್ಮಜ್ಜ ಕುರ್ಚಿಯ ಕೈ ಹಿಡಿದು ಕೂತಿದ್ದ. ಅವನ ಗಲ್ಲದಿಂದ ನೀರು ಅವಳ ತೋಳಿನ ಮೇಲೆ ಬಿತ್ತು. ಅವಳು ಅದನ್ನು ಒರೆಸಿಕೊಳ್ಳದೆ ಕೆಲಸ ಮುಗಿಸಿ ಎದ್ದಳು.

ಕಾಗದ ಒಂದೇ ಪುಟದ್ದು. ನಾಲ್ಕು ಹಾಳೆ ಹರಿದು ಐದನೆಯದರಲ್ಲಿ ಬರೆದ. ನೀನು ಹುಟ್ಟಿದಾಗ ನಿನಗೊಂದು ಮನೆತನದ ಹೆಸರಿತ್ತು, ಅದನ್ನು ಬೇಡವೆಂದವನು ನಾನು, ನಿನ್ನಮ್ಮ ಅಲ್ಲ. ಅವಳು ನಿನ್ನನ್ನು ಇಟ್ಟುಕೊಳ್ಳಬೇಕೆಂದಿದ್ದಳು. ಆ ಹೆಸರು ದೊಡ್ಡವರದಲ್ಲ, ಬುಟ್ಟಿಯಲ್ಲಿ ಸಿಕ್ಕ ಒಂದು ಮಗುವಿನದು. ನನಗೂ ಈಚೆಗೆ ತಿಳಿಯಿತು. ನಿನಗೆ ಅದರಿಂದ ಏನೂ ಆಗಬೇಕಾಗಿಲ್ಲ. ಕೇಳಲು ಹಕ್ಕಿಲ್ಲದೆ ಕ್ಷಮೆ ಕೇಳುತ್ತಿದ್ದೇನೆ. ಹೀಗೆ ಬರೆದಿದ್ದ.

ಲಕೋಟೆ ಅಂಟಿಸದೆ ಮಗಳಿಗೆ ಕೊಟ್ಟ. ಅವಳು ಅಡುಗೆಮನೆಯಲ್ಲಿ ನಿಂತೇ ಓದಿದಳು. ಮೇಲೆ, ಯಾರಿಗೆ ಎನ್ನುವಲ್ಲಿ, ದಪ್ಪ ಅಕ್ಷರದಲ್ಲಿ ಹಾರ್ಮ್ ತುರ್ಫ್‌ಮಂಡ್ ಎಂದಿತ್ತು. ಕೆಳಗೆ, ಬರೆದವರು ಎನ್ನುವಲ್ಲಿ, ಅದೇ ಅಕ್ಷರದಲ್ಲಿ ಅದೇ ಹೆಸರಿತ್ತು.

“ಸರಿಯಾಗಿದೆಯಾ?” ಅಂದ ಹಾರ್ಮಜ್ಜ.

“ಸರಿಯಾಗಿದೆ,” ಅಂದಳು. ಲಕೋಟೆಯ ಮೇಲೆ ದತ್ತುಕಡತದ ಕಚೇರಿಯ ವಿಳಾಸ ಬರೆದು, ಕೋಟು ಹಾಕಿಕೊಂಡು ತಾನೇ ಹೋಗಿ ಅಂಚೆಪೆಟ್ಟಿಗೆಗೆ ಹಾಕಿ ಬಂದಳು.

ವರ್ಷದ ಕೊನೆಯ ದಿನ ರೂಲಿನಾ ಎಣ್ಣೆಯಲ್ಲಿ ದ್ರಾಕ್ಷಿ ಹಾಕಿದ ಉಂಡೆ ಕರಿದಳು, ಡೌವೆ ಮೇಲೆ ಸಕ್ಕರೆ ಪುಡಿ ಉದುರಿಸಿದ. ಮಧ್ಯಾಹ್ನಕ್ಕೆ ಪುರಸಭೆಯ ಬಾಗಿಲು ಮುಚ್ಚಿತು. ಹಾರ್ಮಜ್ಜ ಮೇಜಿನಲ್ಲಿ ಎಲ್ಲರ ಜೊತೆ ಕೂತು ಎರಡು ಉಂಡೆ ತಿಂದ. ಫೆನ್ನಾ ಡೆ ಯೋಂಗ್ ಆಗಿಯೇ ಹೊಸ ವರ್ಷಕ್ಕೆ ಹೋದಳು.

ಫೆಬ್ರವರಿ ಮಧ್ಯದಲ್ಲಿ ಉತ್ತರ ಬಂತು, ಮಗನಿಂದಲ್ಲ, ಕಡತ ಇಡುವ ಕಚೇರಿಯಿಂದ. ತಮ್ಮ ತಂದೆಯವರ ಕಾಗದವನ್ನು ತಮ್ಮ ಹಿಂದಿನ ಕಾಗದದ ಜೊತೆ ಸೇರಿಸಿ ಇಡಲಾಗಿದೆ; ಸಂಬಂಧಪಟ್ಟ ವ್ಯಕ್ತಿ ಈ ಕಡತವನ್ನು ಇನ್ನೂ ಕೇಳಿಲ್ಲ; ಕೇಳಿದಾಗ ಎರಡನ್ನೂ ಕೊಡಲಾಗುವುದು. ರೂಲಿನಾ ಅದನ್ನು ಜೋರಾಗಿ ಓದಿ ಮೇಜಿನ ಮೇಲಿಟ್ಟಳು. ಮನೆಯಲ್ಲಿ ಅವರಿಬ್ಬರೇ ಇದ್ದರು.

ಹಾರ್ಮಜ್ಜ ಕನ್ನಡಕ ಹಾಕಿಕೊಂಡು ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡ. ಬೆರಳಿಟ್ಟುಕೊಂಡು ಸಾಲು ಸಾಲಾಗಿ ಓದಿದ. ಒಂದು ಕಡೆ ಬೆರಳು ನಿಂತಿತು.

“ಇನ್ನೂ ಕೇಳಿಲ್ಲ ಅಂತಿದೆ,” ಅಂದ. “ಇನ್ನೂ, ಅಂತ ಬರೆದಿದ್ದಾರೆ ನೋಡು.”

ರೂಲಿನಾ ಅವನ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ಅವನ ಬೆರಳಿದ್ದ ಕಡೆ ನೋಡಿದಳು.

“ಹೌದು ಅಪ್ಪ,” ಅಂದಳು. “ಇನ್ನೂ.”